ಅಂಗಡಿಯ ಯಜಮಾನ ಯಾರು? ಅಮೆರಿಕದ ಬಂದೂಕು, ವಿಮೆ ಮತ್ತು ವ್ಯಾಪಾರ ಸ್ವಾತಂತ್ರ್ಯದ ವಾಗ್ವಾದ

ಇತ್ತೀಚೆಗೆ ನಮ್ಮ ಸಂಸ್ಥೆಯ ಸಭೆಯೊಂದರ ಚಹಾ ವಿರಾಮದಲ್ಲಿ ಹಿರಿಯ ಸದಸ್ಯರೊಬ್ಬರು ನನ್ನನ್ನು ಉದ್ದೇಶಿಸಿ, "ಸ್ವಾಮಿ, ವ್ಯಾಪಾರ ಮಾಡಿದರೆ ಅಮೆರಿಕದಲ್ಲಿ ಮಾಡಬೇಕು. ಅಲ್ಲಿ ರಿಜಿಸ್ಟರು, ರಿಟರ್ನು, ಇನ್‌ಸ್ಪೆಕ್ಟರು ಯಾವ ಕಾಟವೂ ಇಲ್ಲ" ಎಂದರು. ಪಕ್ಕದಲ್ಲಿದ್ದ ಇನ್ನಿಬ್ಬರು ತಲೆದೂಗಿದರು. ವೋಚರು ನೋಡದೆ ಖರ್ಚನ್ನು ಒಪ್ಪದ ವೃತ್ತಿಯಲ್ಲಿರುವ ನನಗೆ ಈ ಮಾತನ್ನು ಹಾಗೆಯೇ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ಅಂದು ಸಮಯಾಭಾವದಿಂದ ಹೇಳಲಾಗದ್ದನ್ನು ಈ ಲೇಖನದಲ್ಲಿ ನಿವೇದಿಸುತ್ತಿದ್ದೇನೆ.

2009ರ ಆಗಸ್ಟ್ ತಿಂಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಆರೋಗ್ಯ ವಿಮಾ ಸುಧಾರಣೆಯ ಮಸೂದೆ ಅಮೆರಿಕದ ಸಂಸತ್ತಿನ ಮುಂದಿತ್ತು. ಬಿಡುವಿನ ಅವಧಿಯಲ್ಲಿ ತಮ್ಮ ಕ್ಷೇತ್ರಗಳಿಗೆ ಮರಳಿದ ಜನಪ್ರತಿನಿಧಿಗಳು ಕರೆದ 'ಟೌನ್ ಹಾಲ್' ಸಭೆಗಳಲ್ಲಿ ಅಂಗಡಿಕಾರರು, ನಿವೃತ್ತರು, ಗೃಹಿಣಿಯರು, ಕಾರ್ಮಿಕರು ಎದ್ದು ನಿಂತು ವಾದಿಸಿದರು. ಕೆಲವೆಡೆ ಕೂಗಾಟವೂ ನಡೆಯಿತು. ಆಗಸ್ಟ್ 11ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪೋರ್ಟ್ಸ್‌ಮತ್‌ನಲ್ಲಿ ಅಧ್ಯಕ್ಷ ಬರಾಕ್ ಒಬಾಮ ವಿಮೆಯ ಕುರಿತು ಮಾತನಾಡಲಿದ್ದ ಸಭೆಯ ಹೊರಗೆ ನಾಗರಿಕರೊಬ್ಬರು ತೊಡೆಗೆ ಪಿಸ್ತೂಲು ಕಟ್ಟಿಕೊಂಡು ಫಲಕ ಹಿಡಿದು ನಿಂತಿದ್ದರು. ಆ ರಾಜ್ಯದ ಕಾನೂನಿನ ಪ್ರಕಾರ ಅದು ಅಪರಾಧವಾಗಿರಲಿಲ್ಲ. ಆರು ದಿನಗಳ ನಂತರ ಅರಿಜೋನಾದ ಫೀನಿಕ್ಸ್ ನಗರದಲ್ಲಿ ಅಧ್ಯಕ್ಷರ ಭಾಷಣದ ಸ್ಥಳದ ಹೊರಗೆ ಸುಮಾರು ಹನ್ನೆರಡು ಮಂದಿ ಶಸ್ತ್ರಧಾರಿಗಳು ಕಾಣಿಸಿಕೊಂಡರು. ಒಬ್ಬರ ಹೆಗಲಲ್ಲಿ ರೈಫಲ್ಲೇ ಇತ್ತು. ಅದೇ ಆಗಸ್ಟ್‌ನಲ್ಲಿ ಹೋಲ್ ಫುಡ್ಸ್ ಎಂಬ ದಿನಸಿ ಮಳಿಗೆಗಳ ಮುಖ್ಯಸ್ಥ ಜಾನ್ ಮ್ಯಾಕಿ ಅವರು ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯಲ್ಲಿ ಸದರಿ ಮಸೂದೆಯನ್ನು ಟೀಕಿಸಿ ಬರೆದರು. ಅವರ ಗ್ರಾಹಕರಲ್ಲಿ ಒಂದು ವರ್ಗ ಮಳಿಗೆಗಳ ಬಹಿಷ್ಕಾರಕ್ಕೆ ಕರೆ ನೀಡಿತು. ಹೀಗೆ ಬಂದೂಕು, ವಿಮೆ, ವ್ಯಾಪಾರ ಮೂರೂ ಒಂದೇ ತಿಂಗಳಲ್ಲಿ ಒಂದೇ ಬೀದಿಗೆ ಬಂದವು.

ವಾಹನ ನಿಲುಗಡೆಯ ಜಾಗದಲ್ಲಿ

ಬಂದೂಕಿನ ಹಕ್ಕಿಗೂ ವರ್ತಕರಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. 1791ರಲ್ಲಿ ಅಂಗೀಕೃತವಾದ ಸಂವಿಧಾನದ ಎರಡನೇ ತಿದ್ದುಪಡಿಯು ಶಸ್ತ್ರ ಹೊಂದುವ ಹಕ್ಕನ್ನು ಹೇಳುತ್ತದೆ. ಇದು ವ್ಯಕ್ತಿಗತ ಹಕ್ಕು ಎಂದು ಅಲ್ಲಿನ ಸುಪ್ರೀಂ ಕೋರ್ಟು 2008ರ ಜೂನ್‌ನಲ್ಲಿ, ಹೆಲ್ಲರ್ ಪ್ರಕರಣದಲ್ಲಿ 5-4ರ ಬಹುಮತದಿಂದ ತೀರ್ಪಿತ್ತಿತು. ಆದರೆ ಸಂವಿಧಾನದ ಈ ಹಕ್ಕು ಸರ್ಕಾರದ ಕೈಯನ್ನು ಕಟ್ಟುತ್ತದೆಯೇ ಹೊರತು ಖಾಸಗಿ ಮಾಲೀಕನ ಕೈಯನ್ನಲ್ಲ. ನನ್ನ ಅಂಗಳದೊಳಗೆ ಬಂದೂಕು ತರಬೇಡ ಎಂದು ಮಾಲೀಕನು ಹೇಳಿದರೆ?

ಓಕ್ಲಹೋಮ ರಾಜ್ಯದಲ್ಲಿ 2002ರಲ್ಲಿ ಕಾಗದದ ಕಾರ್ಖಾನೆಯೊಂದು ತನ್ನ ನಿಲುಗಡೆ ಜಾಗದಲ್ಲಿದ್ದ ನೌಕರರ ವಾಹನಗಳನ್ನು ಶೋಧಿಸಿ, ಬಂದೂಕು ಸಿಕ್ಕ ಕೆಲವರನ್ನು ಕೆಲಸದಿಂದ ತೆಗೆಯಿತು. ಬೇಟೆಯ ಹವ್ಯಾಸವಿರುವ ಸೀಮೆ, ಜನ ಸಿಟ್ಟಾದರು. 2004ರಲ್ಲಿ ಶಾಸಕಾಂಗವು, ಬೀಗ ಹಾಕಿದ ವಾಹನದೊಳಗಿನ ಬಂದೂಕನ್ನು ಮಾಲೀಕನು ನಿಷೇಧಿಸುವಂತಿಲ್ಲವೆಂದು ಕಾಯಿದೆ ಮಾಡಿತು. ಉದ್ಯಮಗಳು ನ್ಯಾಯಾಲಯಕ್ಕೆ ಹೋದವು. 2007ರಲ್ಲಿ ತಡೆ ಸಿಕ್ಕಿತಾದರೂ 2009ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯವು ಅದನ್ನು ತೆರವುಗೊಳಿಸಿ ಕಾಯಿದೆಯನ್ನು ಎತ್ತಿಹಿಡಿಯಿತು.

ನಮ್ಮ ಓದುಗರಿಗೆ ಇನ್ನೂ ಸಮೀಪದ ಪ್ರಕರಣ ಫ್ಲಾರಿಡಾದ್ದು. 2008ರ ಜುಲೈ 1ರಿಂದ ಜಾರಿಗೆ ಬಂದ ಅಂಥದೇ ಕಾಯಿದೆಯನ್ನು ಪ್ರಶ್ನಿಸಿದವರಲ್ಲಿ ಆ ರಾಜ್ಯದ ವಾಣಿಜ್ಯ ಮಂಡಳಿ, ಅಂದರೆ ಫ್ಲಾರಿಡಾ ಚೇಂಬರ್ ಆಫ್ ಕಾಮರ್ಸ್ ಕೂಡ ಇತ್ತು. ಸ್ವಂತ ಜಾಗದಲ್ಲಿ ಏನಿರಬೇಕು, ಏನಿರಬಾರದು ಎಂದು ನಿರ್ಧರಿಸುವುದು ಆಸ್ತಿಯ ಮಾಲೀಕನ ಹಕ್ಕಲ್ಲವೇ ಎಂಬುದು ವರ್ತಕರ ವಾದ. ಕಾರು ನನ್ನದು, ಮನೆಯಿಂದ ಕೆಲಸಕ್ಕೆ ಬರುವ ದಾರಿಯಲ್ಲಿ ನನ್ನ ರಕ್ಷಣೆಯೂ ನನ್ನದು ಎಂಬುದು ನೌಕರರ ಉತ್ತರ. ಫೆಡರಲ್ ನ್ಯಾಯಾಧೀಶ ರಾಬರ್ಟ್ ಹಿಂಕಲ್ ಅವರು ಅದೇ ತಿಂಗಳು ನೀಡಿದ ಆದೇಶದಲ್ಲಿ ಪರವಾನಗಿಯುಳ್ಳ ನೌಕರರ ಮಟ್ಟಿಗೆ ಕಾಯಿದೆಯನ್ನು ಉಳಿಸಿ, ಗ್ರಾಹಕರ ಮಟ್ಟಿಗೆ ತಡೆದರು. ಗಮನಿಸಬೇಕಾದ ಸಂಗತಿಯೆಂದರೆ, ಎರಡೂ ಪಕ್ಷಗಳು 'ಸ್ವಾತಂತ್ರ್ಯ' ಎಂಬ ಒಂದೇ ಪದವನ್ನು ಹಿಡಿದು ವಾದಿಸಿದವು. ಮಾಲೀಕನ ಸ್ವಾತಂತ್ರ್ಯಕ್ಕೆ ಇಲ್ಲಿ ಕತ್ತರಿ ಹಾಕಿದ್ದು ಬಂದೂಕು ಹಕ್ಕಿನ ಪರವಾದ ಶಾಸಕಾಂಗ. ವ್ಯಾಪಾರದಲ್ಲಿ ಸರ್ಕಾರದ ಹಸ್ತಕ್ಷೇಪ ಬೇಡ ಎನ್ನುವವರೂ ಅದನ್ನು ಬೆಂಬಲಿಸಿದವರಲ್ಲಿದ್ದರು. ಇದು ನನಗೆ ಇಂದಿಗೂ ಸರಿದೂಗದ ಲೆಕ್ಕ.

ಚಿಲ್ಲರೆ ವ್ಯಾಪಾರಿಗೆ ಈ ವಿಷಯದಲ್ಲಿ ಮೌನಕ್ಕೂ ಅವಕಾಶವಿರಲಿಲ್ಲ. ಆಯಾ ಊರಿನ ಕಾನೂನು ಏನು ಹೇಳುತ್ತದೋ ಅದೇ ನಮ್ಮ ನಿಯಮ ಎಂದು ಕೈತೊಳೆದುಕೊಂಡಿದ್ದ ಸ್ಟಾರ್‌ಬಕ್ಸ್ ಕಾಫಿ ಅಂಗಡಿಗಳು ಎರಡೂ ಬಣಗಳ ಪ್ರದರ್ಶನದ ಕಟ್ಟೆಯಾದವು. ಕೊನೆಗೆ 2013ರ ಸೆಪ್ಟೆಂಬರ್‌ನಲ್ಲಿ ಅದರ ಮುಖ್ಯಸ್ಥ ಹೋವರ್ಡ್ ಶುಲ್ಟ್ಸ್ ಅವರು ದಯವಿಟ್ಟು ಬಂದೂಕು ತರಬೇಡಿರೆಂದು ಬಹಿರಂಗ ಪತ್ರ ಬರೆದರು. ಅದು ನಿಷೇಧವಲ್ಲ, ವಿನಂತಿ. ಗಿರಾಕಿಯನ್ನು ಕಳೆದುಕೊಳ್ಳಲು ಇಷ್ಟವಿಲ್ಲದ ವ್ಯಾಪಾರಿಯ ಭಾಷೆಯನ್ನು ನಾವು ಗುರುತಿಸಬಲ್ಲೆವು.

ಐವತ್ತನೆಯ ನೌಕರ

ಇನ್ನು ವಿಮೆಯ ವಿಚಾರ. ಅಮೆರಿಕದಲ್ಲಿ ಆರೋಗ್ಯ ವಿಮೆಯು ನೌಕರಿಗೆ ಅಂಟಿಕೊಂಡದ್ದು ಯಾರ ಯೋಜನೆಯಿಂದಲೂ ಅಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರ ಶಾಸನದ ಮೂಲಕ ಸರ್ಕಾರವು ಸಂಬಳ ಏರಿಕೆಗೆ ಕಡಿವಾಣ ಹಾಕಿತು. ವಿಮೆಯಂಥ ಸೌಲಭ್ಯಗಳನ್ನು ಮಾತ್ರ ಹೊರಗಿಟ್ಟಿತು. ಕೆಲಸಗಾರರನ್ನು ಸೆಳೆಯಲು ಕಾರ್ಖಾನೆಗಳು ವಿಮೆ ಕೊಡತೊಡಗಿದವು. ಮಾಲೀಕನು ಕಟ್ಟುವ ಕಂತು ನೌಕರನ ಆದಾಯವಲ್ಲ ಎಂಬ ವಿನಾಯಿತಿ 1954ರ ತೆರಿಗೆ ಸಂಹಿತೆಯಲ್ಲಿ ಸ್ಥಿರಗೊಂಡಿತು. ಪರಿಣಾಮವೇನೆಂದರೆ ನೌಕರಿ ಬಿಟ್ಟು ಸ್ವಂತ ಉದ್ಯಮ ಹೂಡಬಯಸುವವನು ವಿಮೆಯನ್ನೂ ಬಿಡಬೇಕಾಯಿತು. ಮನೆಯಲ್ಲಿ ಮಧುಮೇಹಿಯೊಬ್ಬರಿದ್ದರೆ ಹೊಸ ವಿಮೆ ಸಿಗುವ ಭರವಸೆಯೇ ಇಲ್ಲ. ಆದ್ದರಿಂದ ಸುಧಾರಣೆ ಬೇಕೆಂದವರೂ ವ್ಯಾಪಾರ ಸ್ವಾತಂತ್ರ್ಯದ ಹೆಸರನ್ನೇ ಹೇಳಿದರು, ಬೇಡವೆಂದವರೂ ಅದನ್ನೇ ಹೇಳಿದರು.

2010ರ ಮಾರ್ಚ್‌ನಲ್ಲಿ ಕಾಯಿದೆ ಜಾರಿಯಾಯಿತು. ಮೊದಲೇ ಇರುವ ಕಾಯಿಲೆಯ ನೆಪದಲ್ಲಿ ವಿಮೆ ನಿರಾಕರಿಸುವುದು 2014ರಿಂದ ನಿಂತಿತು. ಇದು ದೊಡ್ಡ ಉಪಕಾರವೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ವರ್ತಕನ ಕಣ್ಣು ಬಿದ್ದದ್ದು ಸಂಖ್ಯೆಯ ಮೇಲೆ. 50 ಅಥವಾ ಅದಕ್ಕಿಂತ ಹೆಚ್ಚು ಪೂರ್ಣಾವಧಿ ನೌಕರರಿದ್ದು ವಿಮೆ ನೀಡದ ಉದ್ಯೋಗದಾತನು, ನೌಕರರಲ್ಲಿ ಒಬ್ಬರಾದರೂ ಸರ್ಕಾರಿ ಸಹಾಯಧನದಿಂದ ವಿಮೆ ಕೊಂಡಲ್ಲಿ, ಮೊದಲ 30 ಜನರನ್ನು ಬಿಟ್ಟು ಉಳಿದವರಿಗೆ ತಲಾ 2,000 ಡಾಲರ್ ವಾರ್ಷಿಕ ದಂಡ ತೆರಬೇಕು ಎಂಬುದು ಮೂಲ ಕಾಯಿದೆಯ ದರ. ನಂತರ ಅದು ವರ್ಷದಿಂದ ವರ್ಷಕ್ಕೆ ಪರಿಷ್ಕೃತವಾಗುತ್ತಿದೆ. ಲೆಕ್ಕ ಹಾಕಿ ನೋಡಿ: 49 ಜನರಿದ್ದಾಗ ದಂಡ ಸೊನ್ನೆ. ಐವತ್ತನೆಯವನು ಬಾಗಿಲು ದಾಟಿದೊಡನೆ 20 ಜನರಿಗೆ 40,000 ಡಾಲರ್. ವಿಮಾ ಕಂತು ತೆರಿಗೆ ಲೆಕ್ಕದಲ್ಲಿ ಖರ್ಚೆಂದು ಕಳೆಯುತ್ತದೆ, ಈ ದಂಡ ಕಳೆಯುವುದಿಲ್ಲ. ವಾರಕ್ಕೆ ಸರಾಸರಿ 30 ಗಂಟೆ ದುಡಿದವನು ಪೂರ್ಣಾವಧಿಯವನೆಂಬ ವ್ಯಾಖ್ಯೆಯಿದ್ದುದರಿಂದ, ಕೆಲಸದ ಅವಧಿಯನ್ನು 29 ಗಂಟೆಗೆ ಇಳಿಸಿದರೆ ಹೇಗೆ ಎಂಬ ಚರ್ಚೆಯೂ ಹುಟ್ಟಿತು. ಇ.ಎಸ್.ಐ. ಗಡಿಯ ಹತ್ತನೆಯ ಕೆಲಸಗಾರನ ಹಾಜರಿಯ ಬಗ್ಗೆ ತಲೆ ಕೆಡಿಸಿಕೊಂಡ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇತ್ತ 25ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳಿಗೆ ಕಂತಿನ ಒಂದಂಶವನ್ನು ತೆರಿಗೆಯಲ್ಲಿ ಮರಳಿಸುವ ಸೌಲಭ್ಯವೂ ಇತ್ತು. ಅದರ ಷರತ್ತುಗಳೇ ಒಂದು ಪುಸ್ತಕವಾಗುವಷ್ಟು.

ಇದೇ ಆರೋಗ್ಯ ಕಾಯಿದೆಯಲ್ಲಿ ಬಂದೂಕಿಗೂ ಜಾಗವಿದೆ ಎಂದರೆ ಓದುಗರು ನಂಬಲಿಕ್ಕಿಲ್ಲ. ಕಾನೂನುಬದ್ಧವಾಗಿ ಬಂದೂಕು ಇಟ್ಟುಕೊಂಡ ಕಾರಣಕ್ಕೆ ವಿಮಾ ಕಂತನ್ನು ಹೆಚ್ಚಿಸಬಾರದು, ಆರೋಗ್ಯ ಕಾರ್ಯಕ್ರಮದ ಹೆಸರಿನಲ್ಲಿ ಅದರ ಮಾಹಿತಿ ಕೇಳಬಾರದು ಎಂದು ಒಂದು ಉಪಕಲಮು ಸ್ಪಷ್ಟವಾಗಿ ಹೇಳುತ್ತದೆ. ಧೂಮಪಾನಿಗೆ ಹೆಚ್ಚಿನ ಕಂತು ವಿಧಿಸಲು ಅದೇ ಕಾಯಿದೆ ಅವಕಾಶ ಕೊಡುತ್ತದೆ.

ಆರುನೂರು ಡಾಲರಿನ ನಮೂನೆ

ನನ್ನ ವೃತ್ತಿಬಾಂಧವರಿಗೆ ಪ್ರಿಯವಾಗಬಹುದಾದ ಪ್ರಸಂಗವೊಂದು ಉಳಿದಿದೆ. ಸುಧಾರಣೆಗೆ ಹಣ ಹೊಂದಿಸಲು ಕಾಯಿದೆಯ ಒಂದು ಮೂಲೆಯಲ್ಲಿ ಸೇರಿಸಿದ್ದ ನಿಯಮದ ಪ್ರಕಾರ, ಯಾವುದೇ ಸರಬರಾಜುದಾರನಿಂದ ವರ್ಷದಲ್ಲಿ 600 ಡಾಲರಿಗೆ ಮೇಲ್ಪಟ್ಟು ಖರೀದಿಸಿದ ಪ್ರತಿ ವ್ಯಾಪಾರಿಯೂ 1099 ಎಂಬ ನಮೂನೆಯನ್ನು ಸರ್ಕಾರಕ್ಕೂ ಆ ಸರಬರಾಜುದಾರನಿಗೂ ಸಲ್ಲಿಸಬೇಕಿತ್ತು. ಮೊದಲು ಸೇವೆಗಳಿಗೆ ಮಾತ್ರವಿದ್ದುದು ಸರಕಿಗೂ, ಕಂಪನಿಗಳಿಂದ ಕೊಂಡದ್ದಕ್ಕೂ ವಿಸ್ತರಿಸಿತು. ಹೋಟೆಲಿನವನು ತರಕಾರಿಯವನಿಗೆ, ಹಾಲಿನವನಿಗೆ, ಕಾಗದದ ಲೋಟದವನಿಗೆ ಪ್ರತ್ಯೇಕ ನಮೂನೆ ಬರೆಯಬೇಕು! 2012ರಿಂದ ಜಾರಿಯಾಗಬೇಕಿದ್ದ ಈ ನಿಯಮದ ವಿರುದ್ಧ ಸಣ್ಣ ವರ್ತಕರು ಪಕ್ಷಭೇದವಿಲ್ಲದೆ ದನಿಯೆತ್ತಿದರು. ಒಬಾಮ ಅವರೇ 2011ರ ಏಪ್ರಿಲ್‌ನಲ್ಲಿ ರದ್ದತಿಗೆ ಸಹಿ ಹಾಕಿದರು. ತತ್ತ್ವದ ಮೇಲೆ ವರ್ಷಗಟ್ಟಲೆ ಕಾದಾಡಿದವರು ಗೆದ್ದದ್ದು ಕಡಿಮೆ. ಗುಮಾಸ್ತನ ಸಂಬಳದ ಲೆಕ್ಕ ತೋರಿಸಿದವರು ಒಂದೇ ವರ್ಷದಲ್ಲಿ ಗೆದ್ದರು.

ತತ್ತ್ವದ ಕಾದಾಟ ಸುಪ್ರೀಂ ಕೋರ್ಟಿಗೆ ಹೋಯಿತು. ಫಿರ್ಯಾದಿಗಳು 26 ರಾಜ್ಯಗಳು ಮತ್ತು ಸ್ವತಂತ್ರ ಸಣ್ಣ ಉದ್ಯಮಿಗಳ ರಾಷ್ಟ್ರೀಯ ಒಕ್ಕೂಟ. ಪ್ರತಿಯೊಬ್ಬ ನಾಗರಿಕನೂ ವಿಮೆ ಕೊಳ್ಳಲೇಬೇಕೆಂದು ಸರ್ಕಾರ ಕಡ್ಡಾಯ ಮಾಡಬಹುದಾದರೆ ಬ್ರಾಕೊಲಿ ತರಕಾರಿ ಕೊಳ್ಳಲೂ ಕಡ್ಡಾಯ ಮಾಡಬಹುದೇ ಎಂದು ನ್ಯಾಯಮೂರ್ತಿ ಸ್ಕಾಲಿಯಾ ವಿಚಾರಣೆಯಲ್ಲಿ ಕೇಳಿದರು. 2012ರ ಜೂನ್ 28ರಂದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಕೊಟ್ಟ ತೀರ್ಪು ಲೆಕ್ಕಿಗರ ಜಾಣತನವನ್ನು ನೆನಪಿಸುವಂಥದು: ವಾಣಿಜ್ಯ ನಿಯಂತ್ರಣದ ಅಧಿಕಾರದಡಿ ಈ ಕಡ್ಡಾಯ ನಿಲ್ಲದು, ಆದರೆ ಕೊಳ್ಳದವನ ಮೇಲಿನ ದಂಡವನ್ನು ತೆರಿಗೆಯೆಂದು ಪರಿಗಣಿಸಿದರೆ ನಿಲ್ಲುತ್ತದೆ. ಶೀರ್ಷಿಕೆ ಬದಲಾಗಿ ಕಾಯಿದೆ 5-4ರಿಂದ ಉಳಿಯಿತು.

2017ರ ಡಿಸೆಂಬರ್‌ನ ತೆರಿಗೆ ಕಾಯಿದೆಯು ವ್ಯಕ್ತಿಗಳ ಮೇಲಿನ ಆ ದಂಡವನ್ನು 2019ರಿಂದ ಸೊನ್ನೆಗೆ ಇಳಿಸಿತು. ವಿಮೆಯ ಸಹಾಯಧನದ ಜಗಳ ಮಾತ್ರ ಮುಗಿಯಲಿಲ್ಲ. 2025ರಲ್ಲಿ ಅದೇ ಕಾರಣಕ್ಕೆ ಅಕ್ಟೋಬರ್ 1ರಿಂದ 43 ದಿನ ಫೆಡರಲ್ ಸರ್ಕಾರದ ಅನೇಕ ಕಚೇರಿಗಳು ಸ್ಥಗಿತಗೊಂಡವು. ಐವತ್ತನೆಯ ನೌಕರನ ನಿಯಮವೋ ಹಾಗೆಯೇ ಇದೆ. ಪ್ರತಿ ವರ್ಷ ಆ ಗಡಿ ದಾಟಿದ ಮಾಲೀಕನು ತಿಂಗಳುವಾರು ಯಾರಿಗೆ ವಿಮೆ ಕೊಟ್ಟೆ, ಎಷ್ಟಕ್ಕೆ ಕೊಟ್ಟೆ ಎಂದು ನಮೂನೆ ತುಂಬಿ ತೆರಿಗೆ ಇಲಾಖೆಗೆ ಸಲ್ಲಿಸುತ್ತಾನೆ. ನಮ್ಮ ಹಿರಿಯ ಸದಸ್ಯರಿಗೆ ಮುಂದಿನ ಸಭೆಯಲ್ಲಿ ತೋರಿಸೋಣವೆಂದು ಆ ನಮೂನೆಯ ಪ್ರತಿಯೊಂದನ್ನು ತೆಗೆದಿರಿಸಿದ್ದೇನೆ.