ಕಾನಸೂರು ದಾಟಿದ ಮೇಲೆ ಗೊತ್ತಾಗುವ ಸೀಟು

ಅಡಿಕೆ ಸುಲಿಯುವ ಯಂತ್ರಗಳ ರಿಪೇರಿ ನನ್ನ ಕಸುಬು. ಕೊಯ್ಲು ಶುರುವಾಯಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕುಗಳ ಯಂತ್ರಗಳು ಮಾತಾಡಿಕೊಂಡವರಂತೆ ಒಂದೇ ವಾರ ಕೈಕೊಡುತ್ತವೆ. ಬೆಳಿಗ್ಗೆ ಸಿದ್ದಾಪುರದ ಕಡೆಯ ಒಂದು ಮನೆ, ಮಧ್ಯಾಹ್ನ ಹುಲೇಕಲ್, ಕತ್ತಲಾಗುವ ಹೊತ್ತಿಗೆ ಮಂಚಿಕೇರಿ. ಬೇರಿಂಗು, ಬೆಲ್ಟು ಮುಗಿದರೆ ಹುಬ್ಬಳ್ಳಿಗೂ ಬೈಕಿನಲ್ಲೇ ಸವಾರಿ. ಹಿಂದೆ ಕಟ್ಟಿದ ಸಾಮಾನಿನ ಚೀಲ ಒಬ್ಬ ಆಳಿನಷ್ಟು ತೂಗುತ್ತದೆ. ಮನೆ ಮುಟ್ಟಿದ ಕೂಡಲೇ ಯಜಮಾನರು ಜಗಲಿಯ ಮೇಲೆ ಮಣೆ ಸರಿಸಿ "ಬನ್ನಿ, ಕೂತ್ಕಳಿ" ಅನ್ನುತ್ತಾರೆ. "ಅಡ್ಡಿಲ್ಲೆ, ಸ್ವಲ್ಪ ನಿಂತ್ಕತ್ತಿ" ಅನ್ನುತ್ತೇನೆ. ಬೈಕ್ ಓಡಿಸುವವರಿಗೆ ಯಾಕೆಂದು ಹೇಳಬೇಕಾಗಿಲ್ಲ.

ಗಾಡಿ ಕೊಳ್ಳುವಾಗ ನಮ್ಮವರು ಮೈಲೇಜು ಕೇಳುತ್ತಾರೆ, ಬಣ್ಣ ನೋಡುತ್ತಾರೆ, ಸೀಟನ್ನು ಹೆಬ್ಬೆರಳಿನಲ್ಲಿ ಒತ್ತಿ "ಮೆತ್ತಗಿದೆ" ಎಂದು ತಲೆಯಾಡಿಸುತ್ತಾರೆ. ಹೆಬ್ಬೆರಳು ಕೊಡುವ ಈ ಸರ್ಟಿಫಿಕೇಟನ್ನು ನಾನು ನಂಬುವುದಿಲ್ಲ. ಶೋರೂಮಿನಲ್ಲಿ ಎರಡು ನಿಮಿಷ ಕುಳಿತರೆ ಎಲ್ಲ ಸೀಟೂ ಸುಖವೇ. ಶಿರಸಿಯಿಂದ ಹೊರಟು ಕಾನಸೂರು ದಾಟಿ ಸಿದ್ದಾಪುರ ಮುಟ್ಟುವ ಹೊತ್ತಿಗೆ ಅದರ ನಿಜಗುಣ ಹೊರಬೀಳಲು ಶುರುವಾಗುತ್ತದೆ. ಪೂರ್ತಿ ತಿಳಿಯಬೇಕಾದರೆ ಇನ್ನೂ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಹೋಗಿ ಜೋಗ ನೋಡಿ ಬರಬೇಕು.

ನೋವು ಎಲ್ಲಿಂದ ಬರುತ್ತದೆ ಎಂಬುದು ಮೊದಲು ಗೊತ್ತಿರಲಿ. ಕುಳಿತಾಗ ಮೈಭಾರದ ದೊಡ್ಡ ಪಾಲನ್ನು ಹೊರುವುದು ಸೊಂಟದ ಮೂಳೆಯ ತಳದಲ್ಲಿರುವ ಎರಡು ಗುಬುಟುಗಳು. ಗಟ್ಟಿ ಮಣೆಯ ಮೇಲೆ ಅಂಗೈ ಅಡಿಗಿಟ್ಟು ಕುಳಿತರೆ ಅವು ಕೈಗೇ ಸಿಗುತ್ತವೆ. ಅವುಗಳ ಕೆಳಗಿನ ಚರ್ಮ ಮತ್ತು ಮಾಂಸ ಮೂಳೆಗೂ ಸೀಟಿಗೂ ನಡುವೆ ಸಿಕ್ಕಿ ಒತ್ತಿಹೋಗುತ್ತವೆ. ಡಾಕ್ಟರು ಬಿಪಿ ನೋಡಿ 120/80 ಅನ್ನುತ್ತಾರಲ್ಲ, ಅದೇ ಅಳತೆಯಲ್ಲಿ ಚರ್ಮದ ಅತಿ ಸಣ್ಣ ರಕ್ತನಾಳಗಳೊಳಗೆ ರಕ್ತ ಬರುವ ಒತ್ತಡ ಸುಮಾರು 32 ಮಾತ್ರ. ಅಮೆರಿಕದ ಯೂಜೀನ್ ಲ್ಯಾಂಡಿಸ್ 1930ರಲ್ಲಿ ಉಗುರಿನ ಬುಡದ ನಾಳಕ್ಕೆ ಕೂದಲಿಗಿಂತ ಸಣ್ಣ ಕೊಳವೆ ಚುಚ್ಚಿ ಅಳೆದ ಸಂಖ್ಯೆ ಅದು. ಹೊರಗಿನ ಒತ್ತಡ ಅದನ್ನು ಬಹಳ ಮೀರಿ, ಬಹಳ ಹೊತ್ತು ನಿಂತರೆ ಅಲ್ಲಿ ರಕ್ತ ಸರಿಯಾಗಿ ಹರಿಯುವುದಿಲ್ಲ. ಮೊದಲು ಉರಿ, ಆಮೇಲೆ ನೋವು, ಕೊನೆಗೆ ಜೋಮು. ಮನೆಯ ಕುರ್ಚಿಯಲ್ಲಿ ನಾವು ಗೊತ್ತಿಲ್ಲದೆಯೇ ಆಗಾಗ ಮಗ್ಗುಲು ಬದಲಿಸುತ್ತೇವೆ. ಬೈಕಿನಲ್ಲಿ ಕೈ ಹ್ಯಾಂಡಲಿಗೆ, ಕಾಲು ಫುಟ್‌ರೆಸ್ಟಿಗೆ ಅಂಟಿಕೊಂಡು ಆ ಸ್ವಾತಂತ್ರ್ಯ ಇಲ್ಲವಾಗುತ್ತದೆ.

ಹಾಗಾದರೆ ಒಳ್ಳೆಯ ಸೀಟು ಮಾಡಬೇಕಾದ ಕೆಲಸ ಎರಡೇ. ಭಾರವನ್ನು ಗುಬುಟುಗಳಿಂದ ತೊಡೆಯ ಕಡೆಗೂ ಹಂಚಬೇಕು, ಮತ್ತು ಹಿಂದೆ ಮುಂದೆ ಸರಿದು ಕುಳಿತುಕೊಳ್ಳಲು ಜಾಗ ಬಿಡಬೇಕು. ತೀರಾ ಮೆತ್ತನೆಯ ಫೋಮು ಮೊದಲನೆಯ ಕೆಲಸದಲ್ಲೇ ಸೋಲುತ್ತದೆ. ನೆಟ್ಟಿ ಗದ್ದೆಗೆ ಕಾಲಿಟ್ಟರೆ ಕೆಸರು ಎಷ್ಟು ಮೆತ್ತಗಿದ್ದರೂ ಪಾದ ಕೊನೆಗೆ ನಿಲ್ಲುವುದು ಅಡಿಯ ಗಟ್ಟಿ ನೆಲದ ಮೇಲೆ. ಮೆತ್ತನೆ ಸೀಟಿನಲ್ಲೂ ಗುಬುಟುಗಳು ಇಳಿಯುತ್ತ ಇಳಿಯುತ್ತ ತಳದ ಪ್ಲೇಟಿನ ಹತ್ತಿರಕ್ಕೆ ಹೋಗಿ ಕೂರುತ್ತವೆ. ಅಲ್ಲಿಗೆ ನೀವು ಕುಳಿತದ್ದು ಪ್ಲಾಸ್ಟಿಕ್ಕಿನ ಮೇಲೆಯೇ. ಅಮೆರಿಕದಲ್ಲಿ ದೂರದ ಸವಾರರಿಗೆಂದೇ ಸೀಟು ಮಾಡುವ ಕಾರ್ಬಿನ್ ಕಂಪನಿಯ ಸೀಟುಗಳು ಮೊದಲ ಮುಟ್ಟಿಗೆ ಗಟ್ಟಿ ಎಂದೇ ಪ್ರಸಿದ್ಧ. 24 ಗಂಟೆಯಲ್ಲಿ 1000 ಮೈಲಿ, ಅಂದರೆ 1600 ಕಿಲೋಮೀಟರಿಗೂ ಹೆಚ್ಚು ಓಡಿಸಿ 'ಐರನ್ ಬಟ್' ಸಂಘದ ಪ್ರಮಾಣಪತ್ರ ಪಡೆಯುವ ಮಂದಿಯೂ ಇದ್ದಾರೆ. ಕಬ್ಬಿಣದ ಕುಂಡೆ ಎಂದು ಅವರೇ ಇಟ್ಟುಕೊಂಡ ಹೆಸರು, ನನ್ನ ಕುಹಕವಲ್ಲ.

ಜಾಗದ ವಿಷಯದಲ್ಲಿ ಹಳೆಯ ಗಾಡಿಗಳೇ ವಾಸಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿಗಳನ್ನು ಮಾಡಿತು. ಆ ಯೆಜ್ಡಿಗಳ ಉದ್ದನೆಯ ಹಲಗೆಯಂಥ ಸೀಟಿನಲ್ಲಿ ಒಂದು ಗೇಣು ಹಿಂದೆ ಸರಿಯಬಹುದು, ಬೇಸರವಾದರೆ ಮುಂದೆ ಬರಬಹುದು. 1994ರಲ್ಲಿ ಬಂದ ಸ್ಪ್ಲೆಂಡರ್ ಕೂಡ ಅದೇ ಜಾತಿ. ನಮ್ಮ ಮೂರು ತಾಲೂಕುಗಳಲ್ಲಿ ಅದು ಇಲ್ಲದ ಕೇರಿ ಇಲ್ಲ, ಯಾರೂ ಅದನ್ನು ಟೂರಿಂಗ್ ಗಾಡಿ ಅನ್ನುವುದಿಲ್ಲ. ಆದರೆ ಸಪಾಟು ಸೀಟು, ನೆಟ್ಟಗೆ ಕೂರುವ ಭಂಗಿ, ಮೊಣಕಾಲ ಕೆಳಗೇ ಬರುವ ಫುಟ್‌ರೆಸ್ಟು, ಇವಿಷ್ಟಿದ್ದರೆ ಅರ್ಧ ಯುದ್ಧ ಗೆದ್ದಂತೆ. ಗುಂಡಿ ಕಂಡಾಗ ಕಾಲಿನ ಮೇಲೆ ಒಂದಿಷ್ಟು ಎದ್ದರೆ ಹೊಡೆತ ಬೆನ್ನಿಗೆ ಹೋಗುವುದಿಲ್ಲ. ಕಾಲು ಮುಂದಕ್ಕೆ ಚಾಚುವ ಕ್ರೂಸರ್ ಗಾಡಿಗಳ ಸೀಟು ಎಷ್ಟೇ ಅಗಲವಿರಲಿ, ಅಲ್ಲಿ ಹಾಗೆ ಏಳಲಾಗುವುದಿಲ್ಲ. ಇಡೀ ಹೊಡೆತ ಬಾಲದ ಮೂಳೆಗೆ. ಹೆದ್ದಾರಿಗೆ ಅದು ರಾಜಗಾಡಿ ಇರಬಹುದು, ತೋಟದ ಮನೆಗಳ ಕಲ್ಲುರಸ್ತೆಗೆ ಅಲ್ಲ.

ಈಗ ಇರುವ ಸೀಟನ್ನೇ ಸರಿಮಾಡಿಸುವ ಮಾತು. ನಾನು ಹೋಗುವ ಸೀಟಿನ ಅಂಗಡಿಯ ಭಾಯಿ ಗಿರಾಕಿಗೆ ಕೇಳುವ ಮೊದಲ ಪ್ರಶ್ನೆ: "ಹೆಗಡೇರೇ, ನಿಮಗೆ ಮೆತ್ತಗೆ ಬೇಕಾ, ದೂರ ಹೋಗೋದಕ್ಕೆ ಬೇಕಾ?" ಎರಡೂ ಬೇಕು ಅಂದರೆ ನಗುತ್ತಾರೆ. ಅವರು ಸ್ಟೇಪಲ್ ಪಿನ್ನು ಕಿತ್ತು ರೆಕ್ಸಿನ್ ಬಿಚ್ಚಿ, ಹಳೆಯ ಫೋಮಿನಲ್ಲಿ ಕೂತು ಕೂತು ಬಿದ್ದ ಎರಡು ಹಳ್ಳ ತೋರಿಸುತ್ತಾರೆ. ಅಲ್ಲಿ ಮಾತ್ರ ಕೊರೆದು ತೆಗೆದು ಗಟ್ಟಿ ತುಂಡು ಕೂರಿಸುತ್ತಾರೆ, ಮೇಲೆ ಮಧ್ಯಮ, ಎಲ್ಲಕ್ಕೂ ಮೇಲೆ ಅರ್ಧ ಇಂಚು ಮೆತ್ತನೆಯದು. ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದು, ಅಂಟು ಹಚ್ಚಿ, ಅಂಚುಗಳನ್ನು ಉಜ್ಜಿ ನುಣುಪು ಮಾಡುವ ಈ ಕೆಲಸ ನೋಡುವುದೇ ಚಂದ. ಮುಂಭಾಗದ ಎರಡು ಅಂಚುಗಳನ್ನು ತೊಡೆಯ ಒಳಮಗ್ಗುಲಿಗೆ ಒತ್ತದಂತೆ ಸವರುವುದನ್ನು ಮರೆಯಬಾರದು. ಗಿಡ್ಡ ಕಾಲಿನವರಿಗೆ ನೆಲ ಎಟುಕುವುದೂ ಅದರಿಂದಲೇ. ಸ್ಪ್ಲೆಂಡರಿನ ಸೀಟು ನೆಲದಿಂದ 785 ಮಿಲಿಮೀಟರ್, ಕ್ಲಾಸಿಕ್ 350ರದ್ದು 805. ಇದರ ಮೇಲೆ ಒಂದು ಇಂಚು ಏರಿಸಿದರೆ ಮೊಣಕಾಲಿಗೆ ಹಾಯೆನಿಸುತ್ತದೆ ನಿಜ, ಇಳಿಜಾರಿನ ಅಂಗಳದಲ್ಲಿ ಗಾಡಿ ನಿಲ್ಲಿಸುವಾಗ ತುದಿಗಾಲೇ ಗತಿ.

ಫೋಮು ಕೊಳ್ಳುವಾಗ ಎಲ್ಲರೂ ಕೇಳುವ 'ಡೆನ್ಸಿಟಿ' ಗಟ್ಟಿತನದ ಅಳತೆ ಎಂದು ತಿಳಿದವರೇ ಹೆಚ್ಚು. ಅದು ಒಂದು ಘನ ಮೀಟರ್ ಫೋಮು ಎಷ್ಟು ಕಿಲೋ ತೂಗುತ್ತದೆ ಎಂಬ ಲೆಕ್ಕ, ಅಷ್ಟೇ. ಗಟ್ಟಿತನ ಬೇರೆ. ಒಂದೇ ಡೆನ್ಸಿಟಿಯಲ್ಲಿ ಮೆತ್ತನೆಯದೂ ಸಿಗುತ್ತದೆ, ಬಿರುಸಾದದ್ದೂ ಸಿಗುತ್ತದೆ. ತೂಕ ಹೆಚ್ಚಿದ್ದಷ್ಟೂ ಸಾಮಾನ್ಯವಾಗಿ ಬಾಳಿಕೆ ಹೆಚ್ಚು, ಬೇಗ ಹಳ್ಳ ಬೀಳುವುದಿಲ್ಲ. ಅಂಗಡಿಯವನ ಮಾತು ನಂಬಬೇಕಾಗಿಯೂ ಇಲ್ಲ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ನಾಲ್ಕು ಇಂಚು ದಪ್ಪದ ತುಂಡನ್ನು ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿ. 40ರ ಡೆನ್ಸಿಟಿ ಅಂದರೆ ಸುಮಾರು 380 ಗ್ರಾಂ ತೂಗಬೇಕು, 32 ಆದರೆ 300, 60 ಆದರೆ 570ರ ಹತ್ತಿರ. ಸೋಫಾಕ್ಕೆ ತಂದ ಹಗುರ ಫೋಮನ್ನು ಬೈಕಿಗೆ ತುಂಬಿಸಿಕೊಂಡು ವರ್ಷದೊಳಗೆ ಮತ್ತೆ ಅಂಗಡಿಗೆ ಬರುವವರನ್ನು ನೋಡಿದ್ದೇನೆ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಫೋಮು ಕೂರಿಸಿದ ಕೂಡಲೇ ರೆಕ್ಸಿನ್ ಹೊಡೆಸಬೇಡಿ. ಹಳೆಯ ಕವರನ್ನೇ ಬಿಗಿಯಾಗಿ ಕಟ್ಟಿಸಿಕೊಂಡು ಕಾನಸೂರಿಗೆ ಹೋಗಿ ಬನ್ನಿ. ಎಲ್ಲಿ ನೋವು ಅನ್ನುವುದನ್ನು ಗಮನಿಸಿ. ಎರಡು ಗುಬುಟುಗಳಲ್ಲೇ ನೋವಿದ್ದರೆ ಫೋಮು ತೀರಾ ಗಟ್ಟಿಯಾಗಿದೆ, ಇಲ್ಲವೇ ತಳ ಮುಟ್ಟುತ್ತಿದೆ. ತೊಡೆ ಜೋಮು ಹಿಡಿದರೆ ಅಂಚಿನದು ತಪ್ಪು. ಮುಂದೆ ಜಾರಿ ಜಾರಿ ಟ್ಯಾಂಕಿಗೆ ತಾಗಿ, ನಾಲ್ಕು ಜನರ ಮುಂದೆ ಹೇಳಲಾರದ ಜಾಗ ಮರಗಟ್ಟಿದರೆ ಸೀಟಿನ ಇಳಿಜಾರು ಹೆಚ್ಚಾಗಿದೆ. ಒಂದೇ ಕಾಲು ಸೊಂಟದಿಂದ ಕೆಳಗೆ ಜುಮುಗುಟ್ಟಿದರೆ ಸೀಟನ್ನು ಬೈಯುವ ಮೊದಲು ಹಿಂಬದಿ ಜೇಬಿನ ಪರ್ಸು ತೆಗೆದಿಡಿ. ಪಂಚೆಯವರು ಹಿಂದೆ ಸಿಕ್ಕಿಸಿದ ಗಂಟು ನೋಡಿಕೊಳ್ಳಲಿ. ಅಮೆರಿಕದ ರಸೆಲ್ ಎಂಬ ಸೀಟು ತಯಾರಕರು ಗಿರಾಕಿ ತನ್ನ ಗಾಡಿಯ ಮೇಲೆ ಕುಳಿತ ಫೋಟೊ ತರಿಸಿಕೊಂಡು ಸೀಟು ಕೆತ್ತುತ್ತಾರೆ. ನಮ್ಮ ಭಾಯಿಗೂ ಪಕ್ಕದಿಂದ ತೆಗೆದ ಅಂಥದೊಂದು ಫೋಟೊ ಮೊಬೈಲಿನಲ್ಲಿ ತೋರಿಸಬಹುದಲ್ಲ.

ಇಳಿಜಾರಿನ ಮಾತು ನಮ್ಮ ಕಡೆಯವರಿಗೆ ವಿಶೇಷ. ಕುಮಟಾಕ್ಕೆ ದೇವಿಮನೆ ಘಾಟಿಯೋ, ಅಂಕೋಲಾಕ್ಕೆ ಅರಬೈಲ್ ಘಾಟಿಯೋ ಇಳಿಯುವಾಗ ರಸ್ತೆಯೇ ಮುಂದಕ್ಕೆ ತಳ್ಳುತ್ತದೆ, ಬ್ರೇಕು ಇನ್ನಷ್ಟು ತಳ್ಳುತ್ತದೆ. ಅದರ ಮೇಲೆ ಸೀಟೂ ಇಳಿಜಾರಾಗಿ, ರೆಕ್ಸಿನ್ ಹೊಳಪಿನದಾಗಿ, ಮಳೆಯೂ ಬಂದರೆ ಇಡೀ ಘಾಟಿ ಮೊಣಕೈಯಲ್ಲಿ ಮೈ ತಡೆದು ಹಿಡಿಯುವುದೇ ಕೆಲಸ. ಕೂರುವ ಜಾಗ ಸಪಾಟಾಗಿರಲಿ, ಹೊದಿಕೆ ಗರುಕಿನದಾಗಿರಲಿ.

ಮಳೆಗಾಲ ಮಲೆನಾಡಿನ ಸೀಟಿನ ನಿಜವಾದ ವೈರಿ. ಅಲಂಕಾರಕ್ಕೆಂದು ಕೂರುವ ಜಾಗದ ನಡುವೆಯೇ ಹೊಲಿಗೆ ಹಾಕಿಸಿದ ಸೀಟು ಪ್ರತಿ ಸೂಜಿಯ ತೂತಿನಿಂದಲೂ ನೀರು ಕುಡಿಯುತ್ತದೆ. ಮೇಲೆ ಒರೆಸಿದರೆ ಒಣಗಿದಂತೆ ಕಾಣುತ್ತದೆ, ಕುಳಿತ ಕೂಡಲೇ ಫೋಮಿನ ನೀರು ಮೇಲೆ ಬಂದು ಚಡ್ಡಿ ಒದ್ದೆ. ಒದ್ದೆ ಚರ್ಮ ಬೇಗ ಸುಲಿಯುತ್ತದೆ. ಆಷಾಢದಲ್ಲಿ ಒಳಗೆ ಬೂಸ್ಟು ಬಂದು ವಾಸನೆ ಬೇರೆ. ಹೊಲಿಗೆ ಅಂಚಿನಲ್ಲಿ ಮಾತ್ರ ಇರಲಿ, ಫೋಮಿಗೂ ರೆಕ್ಸಿನ್ನಿಗೂ ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಹಾಕಿಸಿ. ಮಂಗ ಸೀಟು ಕಿತ್ತರೆ ಮಾತ್ರ ಯಾವ ಹಾಳೆಯೂ ಉಳಿಸುವುದಿಲ್ಲ. ಮೇಲೊಂದು ಗೋಣಿಚೀಲ ಹೊದಿಸಿಡುವ ಹಳ್ಳಿ ಉಪಾಯಕ್ಕಿಂತ ಮೇಲಾದದ್ದು ನನಗಿನ್ನೂ ಸಿಕ್ಕಿಲ್ಲ.

ಸೀಟಿನ ತಲೆಗೆ ಕಟ್ಟಬಾರದ ಅಪರಾಧವೂ ಒಂದಿದೆ. ಕುಳಿತ ಮನುಷ್ಯನ ಮೈ ಸೆಕೆಂಡಿಗೆ 4ರಿಂದ 8 ಸಲದ ಮೇಲೆ ಕೆಳಗಿನ ಕುಲುಕಾಟಕ್ಕೆ ಅತಿ ಹೆಚ್ಚು ನೋಯುತ್ತದೆ, ಬೆನ್ನುಮೂಳೆ ಆ ತಾಳಕ್ಕೆ ತಾನೂ ಕುಣಿಯುತ್ತದೆ. ಹಾಳು ರಸ್ತೆ ಕೊಡುವುದು ಇಂಥ ಕುಲುಕಾಟವನ್ನೇ. ಎಂಜಿನ್ನಿನ ನಡುಕ ಬೇರೆ. ನಿಮಿಷಕ್ಕೆ 4000 ಸುತ್ತು ತಿರುಗುವ ಎಂಜಿನ್ನು ಸೆಕೆಂಡಿಗೆ ಸುಮಾರು 67 ಸಲ ನಡುಗಿಸುತ್ತದೆ, ಅಷ್ಟು ಸಣ್ಣ ನಡುಕವನ್ನು ಫೋಮು ನುಂಗಿಕೊಳ್ಳುತ್ತದೆ. ದೊಡ್ಡ ಕುಲುಕಾಟ ಶಾಕ್ ಅಬ್ಸಾರ್ಬರಿನ ಕೆಲಸ. ಹಿಂದಿನ ಶಾಕ್‌ಗಳ ಬುಡದಲ್ಲಿ ತಿರುಗಿಸುವ ಮೆಟ್ಟಿಲುಗಳಿರುತ್ತವೆ. ಒಬ್ಬರೇ ಹೋಗುವಾಗ ಕಡಿಮೆ, ಹೆಂಡತಿಯೋ ಸಾಮಾನೋ ಹಿಂದಿದ್ದರೆ ಒಂದೆರಡು ಮೆಟ್ಟಿಲು ಹೆಚ್ಚು. ಎಣ್ಣೆ ಸೋರಿದ ಶಾಕ್ ಇಟ್ಟುಕೊಂಡು, ಟೈರಿಗೆ ಕಲ್ಲಿನಂತೆ ಗಾಳಿ ತುಂಬಿಸಿ, ಸೀಟಿಗೆ ಸಾವಿರಾರು ರೂಪಾಯಿ ಸುರಿಯುವುದು ವ್ಯರ್ಥ.

ಹಿಂದೆ ಕೂರುವವರನ್ನು ಸೀಟು ಮಾಡುವವರೂ ಮಾಡಿಸುವವರೂ ಮರೆಯುತ್ತಾರೆ. ಹಿಂಬದಿ ಸವಾರರು ಗಾಡಿಗೆ ಭದ್ರವಾಗಿ ಕೂಡಿಸಿದ ಸರಿಯಾದ ಸೀಟಿನ ಮೇಲೇ ಕೂರಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 128ನೇ ಕಲಮು ಹೇಳುತ್ತದೆ. ಅವರಿಗೆ ಕೈಹಿಡಿ, ಫುಟ್‌ರೆಸ್ಟು, ಸೀರೆ ಚಕ್ರಕ್ಕೆ ಸಿಗದಂತೆ ತಡೆ, ಇವೂ ಕೇಂದ್ರ ನಿಯಮಗಳಲ್ಲೇ ಇವೆ. ಈಚಿನ ಸ್ಟೈಲಿನ ಗಾಡಿಗಳಲ್ಲಿ ಹಿಂದಿನ ಸೀಟು ಒಂದು ಮೆಟ್ಟಿಲು ಮೇಲೆ, ಅಗಲ ಒಂದು ಅಂಗೈ. ಸೀರೆಯುಟ್ಟು ಒಂದೇ ಬದಿಗೆ ಕಾಲು ಹಾಕಿ ಕೂರುವ ತಾಯಂದಿರನ್ನು ಅದರ ಮೇಲೆ ಯಲ್ಲಾಪುರದವರೆಗೆ ಕರೆದೊಯ್ಯುವುದು ಶಿಕ್ಷೆ. ಮನೆಯವರ ಜೊತೆ ಓಡಾಟವೇ ಹೆಚ್ಚೆಂದಾದರೆ ಕೊಳ್ಳುವ ಮೊದಲು ಅವರನ್ನೂ ಶೋರೂಮಿಗೆ ಕರೆದುಕೊಂಡು ಹೋಗಿ ಹತ್ತಿಸಿ, ಇಳಿಸಿ ನೋಡಿ. ಕವರು ಬದಲಿಸುವಾಗ ನಡುವಿನ ಹಿಡಿಪಟ್ಟಿಯನ್ನು ಚಂದ ಕಾಣುವುದಿಲ್ಲವೆಂದು ತೆಗೆಸಬೇಡಿ.

ಬೆಂಗಳೂರಿನಿಂದ 400 ಕಿಲೋಮೀಟರ್ ಓಡಿಸಿಕೊಂಡು ಯಾಣ, ಸಾತೊಡ್ಡಿ ನೋಡಲು ಬರುವ ಹುಡುಗರ ಗಾಡಿಗಳ ಮೇಲೆ ಗಾಳಿ ತುಂಬುವ ದಿಂಬು ನೋಡಿರುತ್ತೀರಿ. ಗಾಲಿಕುರ್ಚಿಯ ರೋಗಿಗಳಿಗೆ ಹುಣ್ಣಾಗದಿರಲೆಂದು ಮಾಡಿದ ದಿಂಬಿನ ಉಪಾಯವೇ ಅದು, ಕೆಲಸಕ್ಕೆ ಬರುತ್ತದೆ. ಆದರೆ ಬಿಗಿಯಾಗಿ ಊದಿದರೆ ಚೆಂಡಿನ ಮೇಲೆ ಕುಳಿತ ಹಾಗೆ ಹೊರಳಾಡುತ್ತದೆ. ಊದಿ, ಮೇಲೆ ಕುಳಿತು, ಗುಬುಟುಗಳು ತಳ ಮುಟ್ಟಲು ಒಂದು ಬೆರಳಷ್ಟು ಉಳಿಯುವವರೆಗೆ ಗಾಳಿ ಬಿಡಬೇಕು. ಬಿಸಿಲಿಗೆ ನಿಲ್ಲಿಸುವವರಿಗೆ ಜೆಲ್ ಸೀಟು ಬೇಡ. ಒಮ್ಮೆ ಕಾದರೆ ಬಹಳ ಹೊತ್ತು ಆರುವುದಿಲ್ಲ.

ಯಾವ ಸೀಟಾದರೂ ಗಂಟೆಗೊಮ್ಮೆ ಇಳಿಯಲೇಬೇಕು. ಮಂಚಿಕೇರಿಯಲ್ಲಿ ನಿಂತು ಕಷಾಯ ಕುಡಿಯುವ ಐದು ನಿಮಿಷದಲ್ಲಿ ಒತ್ತಿಹೋದ ಜಾಗಕ್ಕೆ ರಕ್ತ ಮರಳುತ್ತದೆ. ಇಳಿದ ಮೇಲೂ ದಿನಗಟ್ಟಲೆ ಜೋಮು ಬಿಡದಿದ್ದರೆ ಸೀಟಿನ ಅಂಗಡಿಯಲ್ಲಿ ಅದಕ್ಕೆ ಮದ್ದಿಲ್ಲ, ಡಾಕ್ಟರ ಹತ್ತಿರ ಹೋಗಬೇಕು. ಸೀಟು ಮಾಡಿಸುವವರು ದೀಪಾವಳಿಗೆ ಮೊದಲೇ ಮಾಡಿಸಿಕೊಳ್ಳಿ. ಅಂಟು ಒಣಗಬೇಕು, ಓಡಿಸಿ ನೋಡಬೇಕು, ಮತ್ತೆ ಸವರಿಸಬೇಕು. ಕೊಯ್ಲಿನ ನಡುವೆ ಭಾಯಿಗೂ ಪುರುಸೊತ್ತಿಲ್ಲ, ಎರಡು ದಿನ ಗಾಡಿ ಬಿಟ್ಟಿರಲು ನಿಮಗೂ ಆಗುವುದಿಲ್ಲ.