ಸುಟ್ಟರೂ ಉಳಿದ ಕಾಮ

ನಮ್ಮ ಮಾನ್ವಿ ಸೀಮೆಯ ಬಾಗಲವಾಡದಂತಹ ಊರುಗಳಲ್ಲಿ ಹೋಳಿ ಹುಣ್ಣಿಮೆಯ ರಾತ್ರಿ ಕಾಮಣ್ಣನನ್ನು ಸುಡುವುದುಂಟು. ಹುಡುಗರು ಮನೆಮನೆಯಲ್ಲಿ ಕಟ್ಟಿಗೆ, ಕುಳ್ಳು ಬೇಡುವರು; ಕೊಡದಿದ್ದರೆ ಕದ್ದು ತರುವರು. ಹಲಗೆ ಬಾರಿಸಿ ಬಾಯಿ ಬಡಿದುಕೊಳ್ಳುವರು. ಶಿವನ ಹಣೆಗಣ್ಣಿಗೆ ಬೂದಿಯಾದವನಿಗಾಗಿ ಈ ಶೋಕ. ಆದರೆ ಅಂದಿನ ಹಾಡುಗಳನ್ನು (ಅವನ್ನು ಇಲ್ಲಿ ಬರೆಯುವಂತಿಲ್ಲ) ಕೇಳಿದವರಿಗೆ, ಸತ್ತವನು ನಿಜವಾಗಿ ಸತ್ತನೇ ಎಂಬ ಸಂಶಯ ಬಾರದಿರದು.

ಪ್ರೇಮದ ದೇವತೆಯನ್ನು ಏನು ಮಾಡಬೇಕೆಂಬ ತೊಡಕು ನಮ್ಮದೊಂದೇ ಅಲ್ಲ. 1608ರಲ್ಲಿ ಆಂಟ್‌ವರ್ಪ್ ನಗರದಲ್ಲಿ, ರೂಬೆನ್ಸನ ಗುರುಗಳಲ್ಲೊಬ್ಬನಾದ ಒಟ್ಟೊ ವಾನ್ ವೀನನು ಪ್ರೇಮವನ್ನೇ ಕುರಿತ ಒಂದು ಚಿತ್ರಪುಸ್ತಕವನ್ನು ಹೊರಡಿಸಿದನು. ತಾಮ್ರದ ತಗಡಿನಲ್ಲಿ ಕೊರೆದು ಅಚ್ಚೊತ್ತಿದ 124 ಸಂಕೇತಚಿತ್ರಗಳು. ಪ್ರತಿಯೊಂದಕ್ಕೂ ಒಂದು ಸೂಕ್ತಿ, ಕೆಲವು ಪದ್ಯ. ಅಲ್ಲಿಯ ನಾಯಕ ರೆಕ್ಕೆಯ ಬಾಲಕ ಕ್ಯೂಪಿಡ್. ಒಂದೆಡೆ ಅವನು ಗಿಡಗಳಿಗೆ ನೀರೆರೆಯುತ್ತಾನೆ: ಒಲವೂ ಆರೈಕೆಯಿಂದಲೇ ಬೆಳೆಯತಕ್ಕದ್ದು. ಇನ್ನೊಂದೆಡೆ ‘1’ ಎಂಬ ಅಂಕೆಯ ಹಲಗೆಯನ್ನು ಎತ್ತಿ ಹಿಡಿದು, ಉಳಿದ ಅಂಕೆಗಳನ್ನು ಕಾಲಡಿಯಲ್ಲಿ ತುಳಿದಿದ್ದಾನೆ. ಒಲವು ಒಬ್ಬರಲ್ಲಿಯೇ ನಿಲ್ಲಬೇಕೆಂಬುದನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ.

ಏಳು ವರ್ಷಗಳ ತರುವಾಯ, 1615ರಲ್ಲಿ, ಅದೇ ಕಲಾವಿದನು ದೈವಪ್ರೇಮದ ಮತ್ತೊಂದು ಪುಸ್ತಕವನ್ನು ಪ್ರಕಟಿಸಿದನು. ಹಳೆಯ ಹುಡುಗನೇ ಪ್ರಭಾವಲಯ ಧರಿಸಿ ದೈವೀಪ್ರೇಮವಾದನು. ಎದುರಿಗೆ ಬಾಲಿಕೆಯ ರೂಪದಲ್ಲಿ ಮಾನವನ ಆತ್ಮ ನಿಂತಿತು. ಕಾಮನನ್ನು ಸುಡಲಿಲ್ಲ, ದೀಕ್ಷೆ ಕೊಟ್ಟರು!

ಕನ್ನಡಿಗರಿಗೆ ಇದು ಹೊಸತಲ್ಲ. ಅದಕ್ಕೂ ನಾಲ್ಕು ಶತಮಾನಗಳಿಗೆ ಹಿಂದೆಯೇ, 12ನೆಯ ಶತಮಾನದಲ್ಲಿ, ಅಕ್ಕಮಹಾದೇವಿ ಲೋಕದ ಗಂಡರನ್ನು ಒಲ್ಲೆನೆಂದು ಚೆನ್ನಮಲ್ಲಿಕಾರ್ಜುನನನ್ನೇ ವರಿಸಿದಳು. ಆದರೆ ಆಕೆಯ ವಚನಗಳಲ್ಲಿ ವಿರಹದ ಉರಿಯಾಗಲಿ, ಹಂಬಲವಾಗಲಿ ಎಳ್ಳಷ್ಟೂ ತಣ್ಣಗಾಗಲಿಲ್ಲ. ವಾನ್ ವೀನನ ಎರಡನೆಯ ಪುಸ್ತಕ ತುಸು ಸಪ್ಪೆಯೆನಿಸುವುದು ಇಲ್ಲಿಯೇ. ಆ ಹುಡುಗನಿಗೆ ಪ್ರಭೆ ಬಂದಿತು, ಬಿಸಿ ಹೋಯಿತು.

13ನೆಯ ಶತಮಾನದ ಜೈನಕವಿ ಆಂಡಯ್ಯನಂತೂ ಪುರಾಣವನ್ನೇ ತಿರುಗಿಸಿಟ್ಟನು. ಸಂಸ್ಕೃತದ ತತ್ಸಮಗಳನ್ನು ಬಿಟ್ಟು ರಚಿಸಿದ ಅವನ ‘ಕಬ್ಬಿಗರ ಕಾವ’ದಲ್ಲಿ, ಚಂದ್ರನನ್ನು ಶಿವನು ಒಯ್ದನೆಂದು ಕಾಮನು ಯುದ್ಧ ಹೂಡಿ, ಗೆದ್ದು, ಅವನನ್ನು ಅರ್ಧನಾರಿಯಾಗಿಸುತ್ತಾನೆ. ಮತಾಭಿಮಾನ ಅದರಲ್ಲಿಲ್ಲವೆನ್ನಲಾರೆ. ಆದರೂ ಅರ್ಧನಾರೀಶ್ವರನನ್ನು ಕಾಮನ ಗೆಲವಿನ ಗುರುತಾಗಿ ಕಂಡ ಕಣ್ಣು ಸಾಮಾನ್ಯದ್ದಲ್ಲ.

ತುಂಗಭದ್ರೆಯನ್ನು ದಾಟಿ ಹಂಪೆಗೆ ಹೋದವರು ವಿರೂಪಾಕ್ಷನ ಗುಡಿಯ ರಂಗಮಂಟಪದಲ್ಲಿ ಒಮ್ಮೆ ತಲೆಯೆತ್ತಿ ನೋಡಬೇಕು. ಮಂಟಪ 1510ರ ಸುಮಾರಿಗೆ ಕೃಷ್ಣದೇವರಾಯನು ಕಟ್ಟಿಸಿದ್ದು. ಮೇಲ್ಛಾವಣಿಯ ವರ್ಣಚಿತ್ರಗಳ ಕಾಲದ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅಲ್ಲಿ ಮನ್ಮಥನು ಧ್ಯಾನಸ್ಥ ಶಿವನಿಗೆ ಗುರಿಯಿಟ್ಟು ನಿಂತಿದ್ದಾನೆ. ಚಿತ್ರಕಾರನು ಬೂದಿಯನ್ನು ಬರೆಯಲಿಲ್ಲ, ಬಾಣ ಹೂಡಿದ ಗಳಿಗೆಯನ್ನು ಬರೆದನು. ವಾನ್ ವೀನನ ಚಿತ್ರಗಳಂತೆ ಇದರಡಿಯಲ್ಲಿ ಪದ್ಯವಿಲ್ಲ. ಕಬ್ಬಿನ ಜಲ್ಲೆಯ ಬಿಲ್ಲು ಕಂಡರೆ ಸಾಕು. ನಮ್ಮ ಕಡೆಯ ಹುಡುಗರು ಕೂಡ ‘ಕಾಮಣ್ಣ’ ಎಂದು ಬೆರಳು ತೋರುವರು.