ಹೆಗಲಿಗೆ ಮಾತ್ರ ನಿದ್ದೆ

1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತು ಹೊಡೆಯುತ್ತಿದ್ದ ಮರಾಠಾ ರೈತ ಕಾವಸ್ಜಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು, ಒಂದು ಕೈ ಕಳೆದುಕೊಂಡ. ವರ್ಷದ ಮೇಲೆ, ಪುಣೆಯ ಹತ್ತಿರ, ಇಟ್ಟಿಗೆ ಸುಡುವ ಸಮುದಾಯದವನೊಬ್ಬ ಅವನ ಹಣೆಯ ಚರ್ಮವನ್ನೇ ಕೆಳಕ್ಕೆ ತಿರುಗಿಸಿ ಹೊಸ ಮೂಗು ಕಟ್ಟಿದ. ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ 1794ರಲ್ಲಿ ಅದನ್ನು ಚಿತ್ರಸಮೇತ ಅಚ್ಚು ಹಾಕಿತು. ಅರಿವು ತಪ್ಪಿಸುವ ಈಥರ್ ಬರಲು ಇನ್ನೂ ಐವತ್ತು ವರ್ಷವಿತ್ತು. ಅಷ್ಟು ದೊಡ್ಡ ಕೈಚಳಕದ ನೋವನ್ನು ರೋಗಿಯೇ ನುಂಗಬೇಕಿತ್ತು.

ಅದೇ ಪುಣೆಯಲ್ಲಿ ಈಗ ಹೆಗಲಿನ ಆಪರೇಷನ್ ಸಣ್ಣ ತೂತುಗಳಲ್ಲೇ ಮುಗಿಯುತ್ತದೆ. ಆದರೆ ಹರಿದ ಸ್ನಾಯುರಜ್ಜುವನ್ನು ಮೂಳೆ ಕೊರೆದು ಕಟ್ಟಿದ ಮೊದಲ ರಾತ್ರಿ ಕಠಿಣ. ಆ ರಾತ್ರಿಯನ್ನು ದಾಟಿಸುವುದೇ ನರದ ಬ್ಲಾಕ್, ಅಂದರೆ ನರದ ಸುತ್ತ ಔಷಧ ಚುಚ್ಚಿ ಅದನ್ನು ಮರಗಟ್ಟಿಸುವುದು.

1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಕೊಕೇನ್ ಹನಿಯಿಂದ ಕಣ್ಣನ್ನು ಮರಗಟ್ಟಿಸಿದರು. ಸುದ್ದಿ ಕೇಳಿದ ನ್ಯೂಯಾರ್ಕಿನ ವಿಲಿಯಂ ಹಾಲ್ಸ್ಟೆಡ್ ಅದನ್ನೇ ನರಗಳಿಗೆ ಚುಚ್ಚಿ ನೋಡಿದರು. ಪ್ರಯೋಗ ಮಾಡುತ್ತಲೇ ತಾವೇ ಕೊಕೇನ್ ಚಟಕ್ಕೆ ಬಿದ್ದರು. 1911ರಲ್ಲಿ ಜರ್ಮನಿಯ ಕುಲೆನ್‌ಕಾಂಫ್ ತಮ್ಮದೇ ಕೊರಳೆಲುಬಿನ ಮೇಲೆ ಸೂಜಿ ಇಳಿಸಿಕೊಂಡರು. 1970ರಲ್ಲಿ ಶಿಕಾಗೋದ ಆಲನ್ ವಿನ್ನಿ ಕೊರಳಿನ ಎರಡು ಸ್ಕೇಲೀನ್ ಸ್ನಾಯುಗಳ ನಡುವಿನ ಸಂದನ್ನು ಹಿಡಿದರು. ಹೆಗಲಿಗೆ ಹೋಗುವ ನರಗಳು ಅಲ್ಲೇ ಹಾಯುತ್ತವೆ.

ಆಗಲೂ ಸೂಜಿ ಕುರುಡಾಗಿಯೇ ಇತ್ತು. 1994ರಲ್ಲಿ ಕೋಲರರ ವಿಯೆನ್ನಾದಲ್ಲೇ ಅಲ್ಟ್ರಾಸೌಂಡ್ ಅದಕ್ಕೆ ಕಣ್ಣು ಕೊಟ್ಟಿತು. ಪರದೆಯಲ್ಲಿ ನರಗಳು ಒಂದರ ಮೇಲೊಂದು ಕಪ್ಪು ಗುಂಡುಗಳಾಗಿ ಕಾಣುತ್ತವೆ. ಬೆಳ್ಳಿಗೆರೆಯಂತೆ ಸೂಜಿ ಬರುತ್ತದೆ. ಔಷಧ ಸುತ್ತ ಕಪ್ಪಗೆ ಹರಡುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಭ್ರೂಣದ ಲಿಂಗವೂ ತಿಳಿಯುವುದರಿಂದ, ಅದೇ 1994ರಲ್ಲಿ ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆ ದೇಶಕ್ಕೆಲ್ಲ ಬಂತು. ಮಹಾರಾಷ್ಟ್ರ 1988ರಲ್ಲೇ ಅಂಥ ಕಾನೂನು ಮಾಡಿತ್ತು. ಹೆಣ್ಣುಮಕ್ಕಳ ಜೀವ ಕಾಯುವ ದೇಶದ ಆ ಕಾಯ್ದೆಯಡಿ ಅರಿವಳಿಕೆ ವೈದ್ಯರ ಯಂತ್ರವೂ ನೋಂದಣಿಯಾಗಲೇಬೇಕು.

ವಿನ್ನಿಯವರ ದಾರಿಗೆ ಒಂದು ತೊಡಕಿತ್ತು. ಉಸಿರಾಟದ ವಪೆಯನ್ನು ಆಡಿಸುವ ನರ ಪಕ್ಕದಲ್ಲೇ ಇದೆ. 1991ರಲ್ಲಿ ಅರ್ಮಿ ಎಂಬ ವೈದ್ಯರು ಮತ್ತು ಸಂಗಡಿಗರು ಪರೀಕ್ಷಿಸಿದ ರೋಗಿಗಳೆಲ್ಲರಲ್ಲೂ ಅರ್ಧ ವಪೆ ಸುಮ್ಮನಾಗಿತ್ತು. ಗಟ್ಟಿ ಶ್ವಾಸಕೋಶದವರು ತಡೆದುಕೊಳ್ಳುತ್ತಾರೆ. ದಮ್ಮಿನವರಿಗೆ ಅದು ಅಪಾಯ. ಹಾಗಾಗಿ ಈಗ ಔಷಧದ ಪ್ರಮಾಣ ತಗ್ಗಿದೆ. ಕೊರಳಿನಿಂದ ಕೆಳಗೆ ಸರಿದು, ಹೆಗಲ ಕೀಲಿನ ಬಹುಪಾಲು ಸಂವೇದನೆ ಹೊರುವ ಸುಪ್ರಾಸ್ಕ್ಯಾಪ್ಯುಲರ್ ನರವನ್ನಷ್ಟೇ ಮಲಗಿಸುವ ಕ್ರಮವೂ ಬಂದಿದೆ. ಪುಣೆಯ ಸಂಚೇತಿ ಆಸ್ಪತ್ರೆಯ ಡಾ. ಸಂದೀಪ್ ದಿವಾನ್ ಮತ್ತು ಸಂಗಡಿಗರು ನರಗಳ ಬ್ಲಾಕ್ ಕುರಿತು ಸಾಲುಸಾಲಾಗಿ ಪ್ರಬಂಧ ಬರೆದಿದ್ದಾರೆ.

ಬ್ಲಾಕ್ ಇರುವಾಗ ತೋಳು ಕೊರಡಿನಂತೆ ಭಾರ. ರೋಗಿ ದಿಂಬಿಗೊರಗಿ ಅರ್ಧ ಕೂತೇ ನಿದ್ದೆ ಹೋಗುತ್ತಾರೆ. ಅರ್ಧ ದಿನದಿಂದ ಒಂದು ದಿನದೊಳಗೆ ಜೋಮು ಬಿಡುತ್ತದೆ, ನೋವು ಒಮ್ಮೆಲೇ ನುಗ್ಗುತ್ತದೆ. ಆದ್ದರಿಂದ ಪಕ್ಕದಲ್ಲಿ ಕೂತವರು ಒಂದು ಮಾತು ನೆನಪಿಡಬೇಕು: ಬೆರಳ ತುದಿ ಜುಮ್ಮೆಂದ ಕೂಡಲೇ, ನೋವಿಗೆ ಕಾಯದೆ, ವೈದ್ಯರು ಬರೆದ ಮಾತ್ರೆ ಕೊಡಿ. ಕಾವಸ್ಜಿಯ ಕಾಲಕ್ಕೆ ಇಲ್ಲದ ಔಷಧ ಇಂದು ಕೈಯಲ್ಲಿರುವಾಗ, ಹಲ್ಲು ಕಚ್ಚಿ ಸಹಿಸು ಎಂದು ಯಾರಿಗೂ ಹೇಳಬೇಕಿಲ್ಲ.